ಕಾಲುಚೀಲ ತೊಟ್ಟ ಯಂತ್ರ

ಅಮ್ಮಾ,

ಸುಖವಾಗಿ ತಲುಪಿದೆ. ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ನಾನು ವಿನ್ಯಾಸ ಮಾಡಿದೆನಲ್ಲ, ಅನಿಲ ಸೋರಿದರೆ ಕೂಗುವ ಯಂತ್ರ, ಅದು ಇಲ್ಲಿನ ಕಾರ್ಖಾನೆಯಲ್ಲಿ ಹೇಗಿದೆ ಗೊತ್ತೇ? ಅದರ ಮೂಗಿಗೆ ಯಾರದೋ ಹಳೆಯ ಕಾಲುಚೀಲ ತೊಡಿಸಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ದಾರ ಬಿಗಿದಿದ್ದಾರೆ!

"ಒಂದೇ ಸಮ ಬಡ್ಕೊಳ್ತಿತ್ತು ಮೇಡಂ, ಕಿವಿ ತೂತಾಗೋಯ್ತು. ಈಗ ನೋಡಿ, ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ!" ಎಂದರು ಮ್ಯಾನೇಜರ್. ಅವರಿಗೆ ಸುರಕ್ಷತೆಯ ಪ್ರಶಸ್ತಿ ಬೇರೆ ಬಂದಿದೆ. ಫಲಕ ಆ ಯಂತ್ರದ ಪಕ್ಕದಲ್ಲೇ ನೇತಾಡುತ್ತಿದೆ.

ಕಾಲುಚೀಲ ಕಿತ್ತೆ. ಯಂತ್ರ ಕಿರುಚಿಕೊಂಡಿತು. ಎಲ್ಲರೂ ಎದ್ದುಬಿದ್ದು ಓಡಿದರು, ಬಾಗಿಲ ಕಡೆಗಲ್ಲ, ನನ್ನ ಕೈಯಲ್ಲಿದ್ದ ಕಾಲುಚೀಲದ ಕಡೆಗೆ. ಸೋರುವ ಪೈಪು ಎರಡೇ ಮಾರು ದೂರದಲ್ಲಿತ್ತು. ಬೈದು ಬೈದು ಆ ಸೋರಿಕೆ ಮುಚ್ಚಿಸಿದೆ.

ತಲೆನೋವೊಂದು ಬಿಟ್ಟರೆ ನನ್ನ ಆರೋಗ್ಯ ಪರವಾಗಿಲ್ಲ. ನಿನ್ನ ಸಮಾಚಾರ ಅಕ್ಕ ಫೋನಿನಲ್ಲಿ ಹೇಳಿದಳು. ಬಿ.ಪಿ. ಯಂತ್ರ ಯಾವಾಗಲೂ ಜಾಸ್ತಿ ತೋರಿಸುತ್ತದೆಂದು ಅದನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟು, ಮಾತ್ರೆಯನ್ನೂ ನಿಲ್ಲಿಸಿದ್ದೀಯಂತೆ. ಹೊರಟು ಬಾ. ಇಲ್ಲಿ ಮ್ಯಾನೇಜರ್ ಕೆಲಸ ನಿನಗೆ ಕಟ್ಟಿಟ್ಟ ಬುತ್ತಿ.

ಕಾರ್ಡು ತುಂಬಿತು, ಸಿಟ್ಟು ಇಳಿದಿಲ್ಲ.

ನಿನ್ನ ಕಿರಿಮಗಳು