ಬೇಡ ಅಂದ ಕಾರು

ಮಾರ್ಚ್ 4, ಮಂಗಳವಾರ, ಬೆಳಿಗ್ಗೆ 6.10

ಕಂಪನಿ ಬಸ್ಸು. ಮತ್ತೆ ಅದೇ ಕಿಟಕಿ ಸೀಟು, ಮತ್ತೆ ಎಸಿ ನೇರ ತಲೆ ಮೇಲೆ. ಪುಂಗೋಲ್‌ನಿಂದ ಜುರಾಂಗ್ ಐಲ್ಯಾಂಡ್ ಅಂದರೆ ಸಿಂಗಾಪುರದ ಈ ತುದಿಯಿಂದ ಆ ತುದಿ. ಹದಿನಾಲ್ಕು ವರ್ಷದಲ್ಲಿ ಈ ಬಸ್ಸಿನಲ್ಲಿ ಮಾಡಿದ ನಿದ್ದೆಯನ್ನೆಲ್ಲ ಕೂಡಿಸಿದರೆ ಪೂರ್ತಿ ಒಂದು ವರ್ಷ ಆದೀತು. ಇವತ್ತು ಮಾತ್ರ ನಿದ್ದೆ ಬರಲಿಲ್ಲ. ನಿನ್ನೆ ಕಾರು ಕಂಪನಿಯಿಂದ ಮೇಲ್ ಬಂದಿದೆ.

ಗ್ರಿಜ್ಲಿ ವಿ-ಏಟ್, ನಾನು ಆಸೆಪಟ್ಟ ಪೆಟ್ರೋಲ್ ಕಾರು. ಕೊನೇ ಬ್ಯಾಚ್. ಇದಾದ ಮೇಲೆ ಅವರೂ ಬ್ಯಾಟರಿ ಕಾರೇ ಮಾಡುತ್ತಾರಂತೆ. ಬಲಗಡೆ ಸ್ಟಿಯರಿಂಗ್ ಇರುವವು ಲೋಕಕ್ಕೆಲ್ಲ ಮುನ್ನೂರು. ಸಿಂಗಾಪುರದ ಡೀಲರ್‌ಗೆ ಒಂಬತ್ತು. ಒಂಬತ್ತೇ.

ಯಾಕೆ ಬೇಕು ಅಂತ ಎಲ್ಲರೂ ಕೇಳುತ್ತಾರೆ. ನಲವತ್ತೊಂಬತ್ತು ವರ್ಷದ ಹೆಂಗಸು, ಸೇಫ್ಟಿ ಇಂಜಿನಿಯರ್, ಅದೂ ಮೈಸೂರಿನವಳು — ನಿನಗ್ಯಾಕಮ್ಮ? ಗಂಡಸರನ್ನು ಯಾರೂ ಹೀಗೆ ಕೇಳುವುದಿಲ್ಲ. ಎಂಟು ಸಿಲಿಂಡರ್ ಸೇರಿ ಮಾಡುವ ಸದ್ದು ನನಗೆ ಇಷ್ಟ. ಅಷ್ಟೇ. ದಿನವಿಡೀ ಪಂಪು, ಕಂಪ್ರೆಸರ್ ಸದ್ದು ಕೇಳಿ ಕೇಳಿ ಕಿವಿಗೆ ರುಚಿ ಹತ್ತಿದೆ.

ನಿನ್ನೆ ಊಟಕ್ಕೆ ಕೂತಾಗ ನನ್ನವರು, ಅನಂತರಾಮ್, ತೀರ್ಪು ಕೊಟ್ಟರು. “ತಗೋ ವಿನುತಾ. ನಿನ್ನ ಸೇವಿಂಗ್ಸು, ನಿನ್ನ ಆಸೆ. ಆದ್ರೆ ಲಿಸ್ಟ್ ಪ್ರೈಸ್‌ಗೆ ಸಿಕ್ಕಿದ್ರೆ ಮಾತ್ರ. ಅದರ ಮೇಲೆ ಒಂದು ಡಾಲರ್ ಕೇಳಿದ್ರೂ ವಾಪಸ್ ಬಂದ್ಬಿಡಬೇಕು.” ತುಂಬ ದೊಡ್ಡ ಮನಸ್ಸಿನಿಂದ ಹೇಳಿದರು. ತಂಜಾಂಗ್ ಪಗಾರ್‌ನ ಬ್ಯಾಂಕಿನಲ್ಲಿ ರಿಸ್ಕ್ ನೋಡುವ ಮನುಷ್ಯ. ಇಂಥ ಕಾರು ಲಿಸ್ಟ್ ಪ್ರೈಸ್‌ಗೆ, ಅಂದರೆ ಕಂಪನಿ ನಿಗದಿ ಮಾಡಿದ ಬೆಲೆಗೆ, ಹುಟ್ಟಿದಾರಭ್ಯ ಯಾರಿಗೂ ಸಿಕ್ಕಿಲ್ಲ ಅಂತ ಗೊತ್ತಿದ್ದೇ ಹೇಳಿದ್ದು. ನಾನೂ ಒಪ್ಪಿದೆ. ನೋಡೋಣ.

ಮಾರ್ಚ್ 8, ಶನಿವಾರ

ಮೂರು ಶೋರೂಮ್. ಮೂರರಲ್ಲೂ ಸೇಲ್ಸಿನವರು ಇವರನ್ನೇ ಕೇಳಿದರು — “ಸರ್, ವಿಚ್ ಕಲರ್?” ಇವರು ಮೂರು ಕಡೆಯೂ ನನ್ನತ್ತ ಕೈ ತೋರಿಸಿ, ಪುಕ್ಕಟೆ ಕಾಫಿ ಕುಡಿದರು.

ಮೊದಲಿನವನು ಇಂಗ್ಲೆಂಡಿನಿಂದ ತಾನೇ ತರಿಸಿ ಮಾರುವವನು. ಲಿಸ್ಟ್ ಪ್ರೈಸ್ ಅಂದೆ. ನಕ್ಕ. ಅದರ ಮೇಲೆ ಎಂಬತ್ತು ಸಾವಿರ ಡಾಲರ್. ‘ಮಾರ್ಕೆಟ್ ಅಡ್ಜಸ್ಟ್‌ಮೆಂಟ್’ ಅಂತ ಅದಕ್ಕೆ ಹೆಸರು. ಅಡ್ಜಸ್ಟ್ ಮಾಡಿಕೊಳ್ಳಬೇಕಾದವಳು ನಾನು, ಮಾರ್ಕೆಟ್ ಅಲ್ಲ.

ಎರಡನೆಯವನು ಲಿಸ್ಟ್ ಪ್ರೈಸೇ ಅಂದ, ಆದರೆ ಪ್ಯಾಕೇಜ್ ತೆಗೆದುಕೊಳ್ಳಲೇಬೇಕು. ಪೇಪರ್ ಕೊಟ್ಟ. ನನಗೆ ಓದಲು ಪೇಪರ್ ಕೊಡಬಾರದು. ಕಾಲಡಿ ಹಾಸುವ ನಾಲ್ಕು ಮ್ಯಾಟ್‌ಗೆ ಹಾಕಿದ್ದ ಬೆಲೆ ನಮ್ಮನೆ ಫ್ರಿಜ್‌ಗಿಂತ ಜಾಸ್ತಿ. ಎದ್ದು ಬಂದೆವು.

ಮೂರನೆಯದು ಅಧಿಕೃತ ಡೀಲರ್. ಡೆಸ್ಮಂಡ್ ಅಂತ, ಐವತ್ತರ ಆಸುಪಾಸಿನ ಚೀನೀ ಮನುಷ್ಯ, ಜೇಬಿನಲ್ಲಿ ಎರಡು ಪೆನ್ನು. “ಲಿಸ್ಟ್ ಪ್ರೈಸ್ ಈಸ್ ಲಿಸ್ಟ್ ಪ್ರೈಸ್, ಮೇಡಂ.” ಕೈ ಮುಗಿಯಬೇಕು ಅನ್ನಿಸಿತು. ಆದರೆ ಕ್ಯೂ ಇದೆ. ಒಂಬತ್ತು ಕಾರಿಗೆ ನನ್ನ ನಂಬರ್ ಹದಿನಾಲ್ಕು. ಯಾರಾದರೂ ಬಿಟ್ಟರೆ ನಂಬರ್ ಪ್ರಕಾರ ಫೋನ್ ಮಾಡುತ್ತಾನಂತೆ.

ಇವರು ಮನೆಗೆ ಬರುವಾಗ ಎಂಆರ್‌ಟಿ ರೈಲಿನಲ್ಲಿ ಸಣ್ಣಗೆ ಶಿಳ್ಳೆ ಹಾಕುತ್ತಿದ್ದರು. ಹದಿನಾಲ್ಕು ಅಂದರೆ ಅಷ್ಟು ನೆಮ್ಮದಿ.

ಮಾರ್ಚ್ 26, ಬುಧವಾರ, ಬಸ್ಸು

ನಂಬರ್ ಹದಿಮೂರು. ಒಬ್ಬರ ಹೆಂಡತಿ ಒಪ್ಪಲಿಲ್ಲವಂತೆ. ಆ ಹೆಣ್ಣುಮಗಳು ನೂರ್ಕಾಲ ಬಾಳಲಿ.

ಪಕ್ಕದ ಸೀಟಿನ ಲತೇಶ್ — ನಮ್ಮ ಇನ್ಸ್‌ಟ್ರುಮೆಂಟ್ ಸೆಕ್ಷನ್ನಿನವನು, ಉಡುಪಿ ಹುಡುಗ — ತಮಾಷೆ ಮಾಡಿದ. “ಅಕ್ಕ, ಅದನ್ನ ತಗೊಂಡು ಎಲ್ಲಿ ಓಡಿಸ್ತೀರಿ ಮಾರಾಯ್ರೆ? ತೊಂಬತ್ತು ದಾಟಿದ್ರೆ ಕ್ಯಾಮೆರಾ ಹಿಡೀತದೆ.”

“ನಲವತ್ತರಲ್ಲೇ ಓಡಿಸ್ತೀನಿ. ಜಾಸ್ತಿ ಹೊತ್ತು ಸದ್ದು ಕೇಳ್ಬಹುದು.”

ಅವನು ಹಣೆ ಚಚ್ಚಿಕೊಂಡ. ನನಗೆ ಖುಷಿಯಾಯಿತು.

ಏಪ್ರಿಲ್ 11, ಶುಕ್ರವಾರ

ಸಿಒಇ ಮತ್ತೆ ಏರಿದೆ. ಕಾರನ್ನು ಹತ್ತು ವರ್ಷ ರಸ್ತೆಗಿಳಿಸಲು ಹರಾಜಿನಲ್ಲಿ ಕೊಳ್ಳಬೇಕಾದ ಪರ್ಮಿಟ್ಟು ಅದು. ಎಲ್ಲರೂ ಗೊಣಗುತ್ತಿದ್ದಾರೆ. ನಾನೊಬ್ಬಳೇ ಹಬ್ಬ ಮಾಡಿದೆ. ಮೂವರು ಹೆದರಿ ಹಿಂದೆ ಸರಿದರು. ನಂಬರ್ ಹತ್ತು! ಇನ್ನೊಬ್ಬರು ಸರಿದರೆ ಸಾಕು.

ಮಗಳು ಅನಘಾ ಟೇಪ್ ಹಿಡಿದು ಬ್ಲಾಕಿನ ಕಾರ್‌ಪಾರ್ಕಿಗೆ ಹೋಗಿ ಅಳತೆ ತೆಗೆದು ಬಂದಳು. “ಅಮ್ಮ, ಕಾರ್ ಹಿಡಿಯುತ್ತೆ. ಬಟ್ ಡೋರ್ ಫುಲ್ ಓಪನ್ ಆಗಲ್ಲ ಲಾ. ನೀನು ಸೈಡ್‌ನಲ್ಲಿ ಸ್ಲೈಡ್ ಆಗಿ ಇಳೀಬೇಕು.” ಹದಿನಾಲ್ಕು ವರ್ಷದವಳ ಸರ್ವೆ, ಮಾತಿನ ಕೊನೆಗೆ ಸಿಂಗಾಪುರದ ‘ಲಾ’ ಬೇರೆ. ಇವತ್ತಿನಿಂದ ರಾತ್ರಿ ಅನ್ನ ಕಮ್ಮಿ.

ಇವರ ಶಿಳ್ಳೆ ನಿಂತಿದೆ.

ಮೇ 17, ಶನಿವಾರ, ಸಂಜೆ 6

ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಸೂಪರ್ ಮಾರ್ಕೆಟ್ಟಿನಲ್ಲಿ ಹಾಗಲಕಾಯಿ ಆರಿಸುತ್ತಿದ್ದೆ. ಫೋನ್. ಡೆಸ್ಮಂಡ್. “ಮೇಡಂ, ಒನ್ ಕಸ್ಟಮರ್ ವಿತ್‌ಡ್ರಾ. ಲಿಸ್ಟ್ ಪ್ರೈಸ್. ಯು ವಾಂಟ್ ಆರ್ ನಾಟ್?”

ಅದಕ್ಕೆ ನನ್ನ ಬಾಯಿ — ನಾನಲ್ಲ, ನನ್ನ ಬಾಯಿ — ಒಳ್ಳೆ ಇಂಗ್ಲಿಷಿನಲ್ಲಿ, ನಗುನಗುತ್ತಾ ಹೇಳಿತು: ಅಯ್ಯೋ ಬೇಡ ಬೇಡ, ಪರವಾಗಿಲ್ಲ, ನಿಮಗ್ಯಾಕೆ ತೊಂದರೆ, ಬೇರೆಯವರು ಕಾಯ್ತಿರಬಹುದು, ಅವರಿಗೇ ಕೊಡಿ.

“ಓಕೆ, ಕ್ಯಾನ್.” ಕಟ್.

ಹಾಗಲಕಾಯಿ ಕೈಯಲ್ಲಿ. ಅರ್ಧ ನಿಮಿಷ ಹಾಗೇ ನಿಂತಿದ್ದೆ. ಅವನು ಎರಡನೇ ಸಲ ಕೇಳಲಿ ಅಂತ ಕಾಯುತ್ತಿದ್ದೆ ಅಂತ ಆಮೇಲೆ ಗೊತ್ತಾಯಿತು.

ಬೆಳೆದದ್ದೇ ಹಾಗೆ. ಮೈಸೂರಿನಲ್ಲಿ ಯಾರ ಮನೆಗೆ ಹೋದರೂ, ಕಾಫಿ ತರ್ತೀನಿ ಅಂದರೆ ಮೊದಲನೇ ಸಲ “ಬೇಡ, ಈಗತಾನೆ ಆಯ್ತು.” ಎರಡನೇ ಸಲ “ಸುಮ್ನೆ ಯಾಕೆ ಶ್ರಮ.” ಮೂರನೇ ಸಲಕ್ಕೆ “ಸರಿ, ಅರ್ಧ ಲೋಟ.” ಅವರು ತುಂಬಿದ ಲೋಟವೇ ತರುತ್ತಾರೆ, ನಾವು ಕುಡಿಯುತ್ತೇವೆ. ಮೊದಲ ಸಲವೇ ಹೂಂ ಅಂದುಬಿಟ್ಟರೆ ಅಮ್ಮ ತೊಡೆ ಚಿವುಟುತ್ತಿದ್ದಳು. ಪ್ಲಾಂಟ್ ನಿಲ್ಲಿಸಿ ಅಂತ ಮ್ಯಾನೇಜರ್ ಮುಖಕ್ಕೆ ಹೊಡೆದ ಹಾಗೆ ಹೇಳಬಲ್ಲೆ. ಯಾರಾದರೂ ಏನಾದರೂ ಕೊಡ್ತೀನಿ ಅಂದರೆ ಮಾತ್ರ... ಬೇಡ ಬೇಡ.

ಹನ್ನೊಂದು ಸಲ ಫೋನ್ ಮಾಡಿದೆ. ಸಂಜೆ ಐದಕ್ಕೆ ಎತ್ತಿದ. ಹನ್ನೊಂದನೇ ನಂಬರಿನವರು ಆಗಲೇ ಡೆಪಾಸಿಟ್ ಕಟ್ಟಿ ಹೋದರಂತೆ. ಅತ್ತುಬಿಟ್ಟೆ. ಡೆಸ್ಮಂಡ್ ಮುಂದೆ ಅಲ್ಲ, ಹಾಗಲಕಾಯಿ ಹೆಚ್ಚುವಾಗ.

ಮೇ 18, ಭಾನುವಾರ

ಇವರು ನಿನ್ನೆ ನಕ್ಕು ನಕ್ಕು ಸೋಫಾ ಹಿಡಿದು ಕೂತರು. ನನ್ನ ಮುಖ ನೋಡಿ ನಿಲ್ಲಿಸಿದರು. “ಸಾರಿ ಕಣೇ,” ಅಂದರು. ಆಮೇಲೆ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡು ಯಾರಿಗೋ ಫೋನ್ ಮಾಡುತ್ತಿದ್ದರು. ಮತ್ತೆ ನಗುತ್ತಿರಬೇಕು, ಅವರ ತಮ್ಮನ ಹತ್ತಿರ.

ಅನಘಾಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. “ಅಂಕಲ್ ವಾಂಟ್ ಆರ್ ನಾಟ್ ಅಂತ ಕೇಳಿದ್ರು. ನೀನು ಡೋಂಟ್ ವಾಂಟ್ ಅಂದೆ. ಅವರು ಕೊಡ್ಲಿಲ್ಲ. ಸಿಂಪಲ್ ವಾಟ್.”

ಆಫೀಸಿನ ಅಭ್ಯಾಸ, ಅಪಘಾತದ ರಿಪೋರ್ಟ್ ಬರೆದೆ. ಘಟನೆ: ಕಾರು ಕೈ ತಪ್ಪಿತು. ಮೂಲ ಕಾರಣ: ಉಪಚಾರ. ಮತ್ತೆ ಹೀಗಾಗದಿರಲು ಕ್ರಮ: ಬೇಕಾದ್ದನ್ನು ಬೇಕು ಅನ್ನುವುದು. ಹೊಣೆ: ವಿನುತಾ. ಗಡುವು: ಇವತ್ತಿನಿಂದಲೇ.

ಜೂನ್ 1, ಭಾನುವಾರ

ಎರಡು ವಾರದಿಂದ ಅನಘಾ ಟ್ರೇನಿಂಗ್ ಕೊಡುತ್ತಿದ್ದಾಳೆ. ದೋಸೆ ಕಾವಲಿ ಹತ್ತಿರ ನಿಂತು, “ಅಮ್ಮ, ಇನ್ನೊಂದು?” ನಾನು ಬೇಡ ಅಂದರೆ ಆ ದೋಸೆ ಅವಳಿಗೆ. ಮೊದಲ ವಾರ ಹಸಿದುಕೊಂಡೇ ಬಸ್ಸು ಹತ್ತಿದೆ.

ಇವತ್ತು ಕನ್ನಡದವರ ಪಾಟ್‌ಲಕ್ ಊಟ, ನಾಗಮಣಿ ಆಂಟಿಯ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ನೆಲ ಅಂತಸ್ತಿನ ಖಾಲಿ ಜಾಗದಲ್ಲಿ. ಆಂಟಿ ಹೋಳಿಗೆ ತಟ್ಟೆ ಹಿಡಿದು ಬಂದು, “ಒಂದು ಹಾಕ್ಲೇನಮ್ಮ?” ಅಂದರು. “ಹಾಕಿ ಆಂಟಿ. ಎರಡು.” ಆಂಟಿಯ ಕೈ ಗಾಳಿಯಲ್ಲೇ ನಿಂತಿತು. ಬಲವಂತ ಮಾಡುವುದಕ್ಕೆ ಅವರು ರೆಡಿ ಮಾಡಿಕೊಂಡಿದ್ದ ಮಾತೆಲ್ಲ ವೇಸ್ಟಾಯಿತು. ಆಮೇಲೆ ಇವರ ಹತ್ತಿರ ಹೋಗಿ, “ವಿನುತಾ ಮನೇಲಿ ಸರಿಯಾಗಿ ಊಟ ಮಾಡ್ತಾಳಾ?” ಅಂತ ವಿಚಾರಿಸಿದರಂತೆ.

ಜುಲೈ 5, ಶನಿವಾರ

ಎಂಬತ್ತು ಸಾವಿರದವನು ಫೋನ್ ಮಾಡಿದ. ಕಾರು ಬಂದು ನಿಂತಿದೆ, ನೀಲಿ ಬಣ್ಣ, ಅರವತ್ತಕ್ಕೆ ಇಳಿಸುತ್ತಾನಂತೆ. ಹೋಗಿ ನೋಡಿದೆವು. ಸ್ಟಾರ್ಟ್ ಮಾಡಿದ. ಆ ಸದ್ದು ಪಾದದಿಂದ ಮೇಲೆ ಹತ್ತಿತು. ಆಸೆ ಉಕ್ಕಿ ಬಂತು, ಸುಳ್ಳು ಯಾಕೆ ಹೇಳಲಿ.

ಇವರು ನನ್ನನ್ನೇ ನೋಡುತ್ತಿದ್ದರು. “ತಗೋ,” ಅಂದರು. “ಲಿಸ್ಟ್ ಪ್ರೈಸ್ ಅಂತ ನಾನು ಸುಮ್ನೆ ಹೇಳಿದ್ದು. ಕೊಡೋಣ.”

ಬೇಡ ಅಂದೆ. ಇದು ಕಾಫಿ ಬೇಡ ಅನ್ನುವ ಬೇಡ ಅಲ್ಲ. ಅರವತ್ತು ಸಾವಿರ ಜಾಸ್ತಿ ಕೊಟ್ಟು ತಂದರೆ, ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಆ ಮನುಷ್ಯನ ನಗು ಕೇಳಿಸುತ್ತೆ ನನಗೆ. ಇವರು ಇನ್ನೊಂದು ಸಲ ಕೇಳಿದರು. ಮತ್ತೂ ಒಂದು ಸಲ. ಮೂರು ಸಲವೂ ಬೇಡ ಅಂದೆ. ಆಗ ನಂಬಿದರು.

ಬರುವಾಗ ಹಾಕರ್ ಸೆಂಟರಿನ ತಿಂಡಿ ಅಂಗಡಿಯಲ್ಲಿ ಕಬ್ಬಿನ ಹಾಲು ಕುಡಿದೆವು.

ಆಗಸ್ಟ್ 12, ಮಂಗಳವಾರ, ಬಸ್ಸು

ಪ್ಲಾಂಟಿನ ಒಳಗೆ ಫೋನ್ ಬಿಡುವುದಿಲ್ಲ, ಗೇಟಿನ ಲಾಕರಿನಲ್ಲೇ ಇಡಬೇಕು. ಸಂಜೆ ತೆಗೆದು ನೋಡಿದರೆ ಡೆಸ್ಮಂಡ್, ಏಳು ಮಿಸ್ಡ್ ಕಾಲ್.

ಬಸ್ಸು ಹತ್ತುತ್ತಲೇ ವಾಪಸ್ ಮಾಡಿದೆ. ಹನ್ನೊಂದನೇ ನಂಬರಿನವರಿಗೆ ದುಬೈಗೆ ಟ್ರಾನ್ಸ್‌ಫರ್. ಕಾರು ಬಿಟ್ಟರು. ಲಿಸ್ಟ್ ಪ್ರೈಸ್. ಮೇಡಂ, ಯು ವಾಂ—

“ಬೇಕು!” ಅಂದೆ. ಕನ್ನಡದಲ್ಲೇ. ಇಡೀ ಬಸ್ಸು ತಿರುಗಿ ನೋಡಿತು. ಲತೇಶ್ ಚಪ್ಪಾಳೆ ತಟ್ಟಿದ.

“ಯೆಸ್, ಯೆಸ್,” ಅಂತ ತಿದ್ದಿದೆ. ಡೆಸ್ಮಂಡ್ ನಕ್ಕ. ಬೆಳಿಗ್ಗೆಯಿಂದ ನನಗೋಸ್ಕರ ಹಿಡಿದಿಟ್ಟುಕೊಂಡಿದ್ದಾನಂತೆ. ಮೇಡಂ, ನೀವು ಬೇಡ ಅಂದಿದ್ದರೂ ನಾನು ಇವತ್ತು ಮೂರು ಸಲ ಕೇಳುವವನಿದ್ದೆ ಅಂದ. ಯಾಕೆ ಅಂದೆ. ಸರ್ ಹೇಳಿದ್ದಾರೆ ಅಂದ.

ಯಾವ ಸರ್?

ನನ್ನವರೇ. ಮೇ ತಿಂಗಳಲ್ಲಿ, ನಾನು ಅತ್ತ ದಿನವೇ ಫೋನ್ ಮಾಡಿದ್ದರಂತೆ. ನನ್ನ ಹೆಂಡತಿಯ ಮೊದಲನೇ ‘ನೋ’ ಲೆಕ್ಕಕ್ಕಿಲ್ಲ, ಅವಳ ಹೆಸರು ಹೊಡೆದು ಹಾಕಬೇಡಿ, ಮುಂದಿನ ಕಾರು ಬಿಟ್ಟರೆ ಅವಳಿಗೇ ಮೊದಲು ಕೇಳಿ, ಮೂರು ಸಲ ಕೇಳಿ ಅಂತ. ಆಮೇಲೆ ಎರಡು ಸಲ ತಂಜಾಂಗ್ ಪಗಾರ್‌ನಿಂದ ಲಂಚ್ ಬಿಟ್ಟು ಶೋರೂಮಿಗೇ ಹೋಗಿ ನೆನಪು ಮಾಡಿ ಬಂದಿದ್ದಾರೆ. ಡೆಸ್ಮಂಡ್ ತಕ್ಷಣ ಒಪ್ಪಿದನಂತೆ. ಅವನ ಅಮ್ಮನೂ ಹಾಗೇ — ಚೀನೀ ಹೊಸ ವರ್ಷಕ್ಕೆ ಕವರಿನಲ್ಲಿ ದುಡ್ಡು ಕೊಟ್ಟರೆ ಮೂರು ಸಲ ತಳ್ಳಿಯೇ ತೆಗೆದುಕೊಳ್ಳುವುದು. ಮೇಡಂ, ಐ ಶುಡ್ ನೋ ಲಾ, ಅಂದ.

ಬಾಲ್ಕನಿಯ ಫೋನು ತಮ್ಮನಿಗಲ್ಲ. ಈ ಕಾರು ನನಗೆ ಸಿಗದಿರಲಿ ಅಂತ ಷರತ್ತು ಹಾಕಿದ ಮನುಷ್ಯ, ಸಿಗಲಿ ಅಂತ ಮೂರು ತಿಂಗಳು ಓಡಾಡಿದ್ದಾರೆ. ಒಂದು ಮಾತು ಹೇಳಲಿಲ್ಲ. ಇಪ್ಪತ್ತೊಂದು ವರ್ಷ ಒಟ್ಟಿಗೆ ಬಾಳಿದ್ದೇನೆ, ಇವತ್ತು ಹೊಸದಾಗಿ ಪ್ರೀತಿ ಬಂದ ಹಾಗಿದೆ. ಬಸ್ಸಿನಲ್ಲಿ ಅಳಬಾರದು. ಲತೇಶ್ ನೋಡುತ್ತಿದ್ದಾನೆ.

ಅಕ್ಟೋಬರ್ 4, ಶನಿವಾರ, ಸಂಜೆ 5.20

ಬಂತು. ಕಪ್ಪು. ಲಿಸ್ಟ್ ಪ್ರೈಸ್. ಮ್ಯಾಟ್ ಸಮೇತ.

ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ್ದಾಯಿತು. ಪುಂಗೋಲ್ ಮೂರು ಸುತ್ತು ಹೊಡೆದೆ, ನಲವತ್ತರಲ್ಲಿ. ಹಿಂದಿನ ಸೀಟಿನಲ್ಲಿ ಅನಘಾ ಮಂಡಿ ಮಡಚಿಕೊಂಡು, “ಅಮ್ಮ, ಬಸ್ ಓವರ್‌ಟೇಕ್ ಮಾಡ್ತಿದೆ, ಸೋ ಪೈಸೇ,” ಅಂತ ತಲೆ ತಗ್ಗಿಸಿ ಕೂತಿದ್ದಳು. ಪೈಸೇ ಅಂದರೆ ಇಲ್ಲಿ ನಾಚಿಕೆ; ಅವಳಿಗೆ ಮರ್ಯಾದೆ ಹೋಯಿತಂತೆ. ನನಗೆ ಹೋಗಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಹಸಿರು ಬರುವುದು ತಡವಾಗಲಿ ಅಂದುಕೊಂಡೆ. ಇಷ್ಟು ಸಂತೋಷ ಈ ವಯಸ್ಸಿನಲ್ಲಿ ಆಗುತ್ತೆ ಅಂತ ಗೊತ್ತಿರಲಿಲ್ಲ.

ಡೆಸ್ಮಂಡ್ ಹೇಳಿದ ವಿಷಯ ಇವರಿಗೆ ಇನ್ನೂ ಹೇಳಿಲ್ಲ. ನನಗೆ ಗೊತ್ತಿದೆ ಅಂತ ಅವರಿಗೆ ಗೊತ್ತಿಲ್ಲ.

ಮನೆಗೆ ಬಂದು ಕೀ ಮುಂದೆ ಹಿಡಿದೆ. “ರೀ, ನೀವೂ ಒಂದು ರೌಂಡ್ ಹೋಗ್ಬನ್ನಿ.”

“ಬೇಡಪ್ಪ, ನಿನ್ನ ಕಾರು.” ಪೇಪರ್ ಮೇಲೆತ್ತಿಕೊಂಡರು.

ಕಾಫಿ ಕೊಡುವಾಗ ಇನ್ನೊಂದು ಸಲ ಕೇಳಿದೆ. “ಸುಮ್ನೆ ಯಾಕೆ, ಪೆಟ್ರೋಲ್ ದಂಡ.”

ಈಗ ಟೇಬಲ್ಲಿನಿಂದ ಕಾಣಿಸುತ್ತಿದ್ದಾರೆ. ಬಾಗಿಲ ಹತ್ತಿರ ನಿಂತಿದ್ದಾರೆ. ಓದುವ ಕನ್ನಡಕ ಹೋಗಿ ದೂರದ ಕನ್ನಡಕ ಬಂದಿದೆ. ಶನಿವಾರ ಸಂಜೆ, ಮನೆಯೊಳಗೆ, ಶೂ ಹಾಕಿಕೊಂಡು ಲೇಸು ಬೇರೆ ಕಟ್ಟಿದ್ದಾರೆ. ಗೋಡೆಯ ಕ್ಯಾಲೆಂಡರ್ ಓದುತ್ತಿದ್ದಾರೆ, ತುಂಬಾ ಶ್ರದ್ಧೆಯಿಂದ.

ಮೂರನೇ ಸಲ ಕೇಳಬೇಕು. ಉಳಿದದ್ದು ಬಂದ ಮೇಲೆ ಬರೆ—