ಎಲೆ ಉದುರುವ ಕಾಲಕ್ಕೆ ಬರುತ್ತೇನೆ

ಸೆಪ್ಟೆಂಬರ್ ೧೭, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಸೊಸೆಗೆ,

ನಿನ್ನ ಅತ್ತೆಯ ಆಶೀರ್ವಾದಗಳು. ಬಲಗಡೆಯ ಮೊಣಕಾಲೊಂದನ್ನು ಬಿಟ್ಟರೆ ನನ್ನದೆಲ್ಲ ನೆಟ್ಟಗಿದೆ. ನೀನೂ ಹೊತ್ತಿಗೆ ಸರಿಯಾಗಿ ಉಂಡು, ಕಣ್ತುಂಬ ನಿದ್ದೆ ಮಾಡಿ, ಚೆನ್ನಾಗಿದ್ದೀ ಎಂದು ನಂಬಿದ್ದೇನೆ. ನಿನ್ನ ಕಾಗದ ಬಂದು ವಾರಗಳೇ ಆದವು. ಉತ್ತರ ಬರೆಯದೆ ಕೂತಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಡುವೆ ನೀನು ಫೋನ್ ಮಾಡಿದಾಗಲೂ ಕಾಲುನೋವು, ಅಂಗಡಿಯಲ್ಲಿ ಕೈತುಂಬ ಕೆಲಸ ಎಂದು ಮಾತು ಹಾರಿಸಿದೆ. ಇಂಥ ವಿಷಯವನ್ನು ಫೋನಿನಲ್ಲಿ ಆಡಲು ನಮ್ಮಿಬ್ಬರಿಗೂ ಬರುವುದಿಲ್ಲ. ನೀನು ಮಾತು ನಿಲ್ಲಿಸಿಬಿಡುತ್ತೀ, ನಾನು ಇಲ್ಲದ ಕೆಮ್ಮು ಕೆಮ್ಮುತ್ತೇನೆ. ಕಾಗದವಾದರೆ ಇಬ್ಬರಿಗೂ ಮರ್ಯಾದೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಸಾಲು ಹಾರಿಸಿ ಓದುತ್ತೀ. ನಾನು ಬರುತ್ತೇನೆ. ನೀನು ಬರೆದ ಹಾಗೆ ಮೂರು ದಿನವೂ ಇರುತ್ತೇನೆ. ಮತ್ತೆ, ನೀನು ಕೇಳಿದ್ದಕ್ಕೆ ಉತ್ತರ ಹೌದು. ಅವರೂ ಬರಲಿ.

ಈಗ ನಿಧಾನವಾಗಿ ಓದು.

ನಿನ್ನ ಕಾಗದ ಬಂದ ದಿನ ಅದನ್ನು ಅಂಗಡಿಯಲ್ಲೇ ನಿಂತು ಓದಿದೆ. ಅಕ್ಟೋಬರ್ ಕೊನೆಗೆ ಎಲೆಗಳು ಬಣ್ಣ ತಿರುಗಿರುತ್ತವೆ, ನಿಮ್ಮ ಕಣ್ಣು ಸದಾ ಬಟ್ಟೆಯ ಬಣ್ಣವನ್ನೇ ನೋಡಿ ಬೇಸತ್ತಿರಬೇಕು ಎಂದು ಬರೆದಿದ್ದೆಯಲ್ಲ, ಅಲ್ಲಿ ಓದುತ್ತ ನಕ್ಕೆ. ಮೊದಲ ದಿನ ಹಳೇ ಪೇಟೆಯ ಬೀದಿಗಳು, ನೇಯ್ಗೆಯ ವಸ್ತುಸಂಗ್ರಹಾಲಯ. ಎರಡನೆಯ ದಿನ ಕೆರೆ, ಅದರಾಚೆಯ ಕಾಡು. ಮೂರನೆಯ ದಿನ ಬೆಳಿಗ್ಗೆ ಗುಡ್ಡ, ಸಂಜೆ ಬೊಂಬೆಯಾಟ. ಎಲ್ಲಿ ಕೂರಬಹುದು, ಎಲ್ಲಿ ಮೆಟ್ಟಿಲಿದೆ ಎಂಬುದನ್ನೂ ಬರೆದಿದ್ದೆ. ನನಗಾಗಿ ಇಷ್ಟು ಕೂತು ಯೋಚಿಸಿದವರು ಈ ಪ್ರಪಂಚದಲ್ಲಿ ಇನ್ನು ಯಾರಿದ್ದಾರೆ ಎಂದುಕೊಂಡೆ. ಕೊನೆಯಲ್ಲಿ ಆ ಎರಡು ಸಾಲು: 'ಜೊತೆಗೆ ಒಬ್ಬರು ಬರಬಹುದಾ ಅತ್ತೆ? ನಿಮಗೆ ಬೇಡ ಅನ್ನಿಸಿದರೆ ಖಂಡಿತ ಬೇಡ.'

'ಒಬ್ಬರು' ಎಂದರೆ ಯಾರು ಎಂದು ನನಗೆ ಬಿಡಿಸಿ ಹೇಳಬೇಕೇ? ಕಾಗದ ಮಡಿಸಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟೆ. ಬೇಡ ಎಂದು ಅನ್ನಿಸಲಿಲ್ಲ. ಬೇಕು ಎಂದು ಬರೆಯಲು ಕೂತರೆ ಕೈ ಓಡಲಿಲ್ಲ. ಮೇಲ್ಮಹಡಿಯವಳು, ನೀನೇ 'ರೇಡಿಯೋ' ಎಂದು ಹೆಸರಿಟ್ಟಿದ್ದೆಯಲ್ಲ, ಅವಳು ಬಂದು, "ಏನ್ರೀ, ಮುಖ ಹೀಗೆ ಬಾಡಿದೆ? ಸೊಸೆ ಏನಾದ್ರೂ ಅಂದ್ಲಾ?" ಎಂದಳು. "ಟೂರಿಗೆ ಕರೆದಿದಾಳೆ" ಎಂದೆ. "ಅದಕ್ಯಾರಾದ್ರೂ ಅಳ್ತಾರಾ?" ಎಂದಳು. ನಾನು ಅತ್ತಿರಲಿಲ್ಲ, ಆದರೆ ಅವಳ ಪ್ರಸಾರ ಅಷ್ಟು ಹೊತ್ತಿಗೆ ಬೀದಿಯ ಆ ತುದಿ ಮುಟ್ಟಿತ್ತು.

ಅದೇ ವಾರ ಒಬ್ಬ ಗಿರಾಕಿ ಬಂದರು. ಎತ್ತರದ ಆಸಾಮಿ. 'ಪರದೆ ಹೊಲಿದು ಕೊಡಲಾಗುತ್ತದೆ' ಎಂಬ ನಮ್ಮ ಬೋರ್ಡಿನ ಕೆಳಗೆ ನಿಂತರು, ಹೋದರು, ಮತ್ತೆ ಬಂದರು. ಹೆಂಡತಿ ಕಳಿಸಿದ ಗಂಡಸರು ಹೀಗೇ ಆಡುವುದು, ನೋಡಿ ನೋಡಿ ಅಭ್ಯಾಸವಾಗಿದೆ. ನಾನೇ ಒಳಗೆ ಕರೆದೆ.

"ಬನ್ನಿ, ಎಷ್ಟು ಕಿಟಕಿಗೆ?"

"ಕಿಟಕಿ… ಒಂದು."

"ಅಳತೆ ತಂದಿದ್ದೀರಾ?"

"ಇಲ್ಲ. ಇಷ್ಟಿರಬಹುದು," ಎಂದು ಎರಡೂ ಕೈ ಅಗಲಿಸಿದರು. ಉದ್ದ ಎಷ್ಟು ಎಂದರೆ ಕೈ ಮೇಲಕ್ಕೆತ್ತಿದರು. ಎಡಗೈ ಭುಜದ ಮಟ್ಟಕ್ಕೇ ನಿಂತುಬಿಟ್ಟಿತು.

"ಕೈಗೇನಾಯ್ತು?"

"ಮರದಿಂದ ಬಿದ್ದೆ."

"ಈ ವಯಸ್ಸಲ್ಲಿ ಮರ ಯಾಕೆ ಹತ್ತೋಕೆ ಹೋದ್ರಿ?"

"ಅದೇ ನನ್ನ ಕೆಲಸ. ಉದ್ಯಾನದ ಮರಗಳನ್ನ ನೋಡ್ಕೊಳ್ತೀನಿ. ಒಣಗಿದ ಕೊಂಬೆ ತೆಗೆಯೋದು, ರೋಗ ಬಂದಿದ್ರೆ ಔಷಧಿ ಹಾಕೋದು."

"ನಮ್ಮ ಸೊಸೆ ಹತ್ರ ಹೋಗಿ," ಎಂದೆ ನಾನು. "ಪಟ್ಟಣದಲ್ಲಿ ಫಿಸಿಯೋಥೆರಪಿ ಮಾಡ್ತಾಳೆ. ಇಂಥ ಏಳದ ಕೈಗಳನ್ನ ಏಳಿಸೋದ್ರಲ್ಲಿ ಅವಳು ಎತ್ತಿದ ಕೈ."

ನನ್ನ ಮಾತಿಗೆ ನಾನೇ ನಕ್ಕೆ. ಅವರು ನಗಲಿಲ್ಲ, ಕಿವಿಯವರೆಗೆ ಕೆಂಪಾದರು. ಪಾಪ, ನೋವಿರಬೇಕು ಎಂದುಕೊಂಡೆ. ಆಮೇಲೆ ನನ್ನ ಬಾಯಿ ನಿಲ್ಲಲೇ ಇಲ್ಲ. ನಿನ್ನ ವಿಷಯ ಶುರುವಾದರೆ ನಾನೂ ರೇಡಿಯೋನೇ. ಬಟ್ಟೆಯ ಸುರುಳಿ ಬಿಚ್ಚಿ ತೋರಿಸುತ್ತ, ಮಗ ಹೋದ ಕಥೆ ಹೇಳಿದೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು, ಒಂದು ದಿನವೂ ಹಾಸಿಗೆ ಹಿಡಿಯದವನು, ಒಂದು ಜ್ವರಕ್ಕೆ ಹೋಗಿಬಿಟ್ಟ ಎಂದೆ. ಎಲ್ಲರೂ ಸೊಸೆ ತವರಿಗೆ ಹೋಗುತ್ತಾಳೆ ಎಂದರು. ಅವಳ ಅಪ್ಪ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ್ದರು. ಅವಳು ಹೊರಗೆ ಹೋಗಿ ಅವರಿಗೆ ಕಾಫಿ ಕೊಟ್ಟು, ಗಾಡಿ ವಾಪಸ್ ಕಳಿಸಿ, ಒಳಗೆ ಬಂದು ನನ್ನ ಪಕ್ಕ ಹಾಸಿಗೆ ಹಾಕಿಕೊಂಡಳು ಎಂದೆ. ನಾನು ತಿಂಗಳುಗಟ್ಟಲೆ ಅಂಗಡಿಯ ಬಾಗಿಲು ತೆಗೆಯದೆ ಗೋಡೆ ನೋಡುತ್ತ ಕೂತಿದ್ದಾಗ, ದಿನಾ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಿ ತಂದು, "ಒಂದೇ ಒಂದು ಹೊಲಿಗೆ ಹಾಕಿ ಅತ್ತೆ, ಆಮೇಲೆ ಮಲಗಿ," ಎನ್ನುತ್ತಿದ್ದಳು ಎಂದೆ. ಆ ಒಂದೊಂದು ಹೊಲಿಗೆಯಲ್ಲೇ ನಾನು ಮತ್ತೆ ಮನುಷ್ಯಳಾದದ್ದು. ಪಟ್ಟಣದ ಕೆಲಸಕ್ಕೆ ಹೋಗು ಎಂದು ನಾನೇ ದೂಡಿದೆ, ಇಲ್ಲದಿದ್ದರೆ ಹೋಗುತ್ತಿರಲಿಲ್ಲ ಎಂದೂ ಹೇಳಿದೆ.

ಗುರುತಿಲ್ಲದವರ ಹತ್ತಿರ ಇಷ್ಟು ಮಾತಾಡಿದ್ದು ನನಗೇ ಆಶ್ಚರ್ಯ. ಅವರು ಬಟ್ಟೆ ನೋಡುತ್ತಲೇ ಇರಲಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದೊಂದು ಮರದ ತೊಗಟೆಯ ಬಣ್ಣದ್ದನ್ನು ಆರಿಸಿ, ಮುಂದಿನ ವಾರ ಬರುತ್ತೇನೆ ಎಂದು ಹೋದರು.

ಮುಂದಿನ ವಾರ ಬಂದರು. ಪರದೆಗೆ ಇಸ್ತ್ರಿ ಹಾಕಿ ಮಡಿಸಿಟ್ಟಿದ್ದೆ. ತೆಗೆದುಕೊಳ್ಳಲಿಲ್ಲ. ಸ್ಟೂಲಿನ ಮೇಲೆ ಕೂತು, ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡು ಹೇಳಿದರು.

"ನಮ್ಮನೇಲಿ ಆ ಅಳತೆ ಕಿಟಕಿಯೇ ಇಲ್ಲ."

"ಅಂದ್ರೆ?"

"ಅವತ್ತು ನಾನು ಬಂದಿದ್ದು ಕರ್ಟನ್‌ಗಲ್ಲ. ನಿಮ್ಮನ್ನ ಕಂಡು ಪರಿಚಯ ಹೇಳ್ಕೊಳ್ಳೋಣ ಅಂತ. ಬಾಗಿಲಿಗೆ ಬರೋ ಹೊತ್ತಿಗೆ ಧೈರ್ಯ ಹೋಯ್ತು. ನೀವು ಕಿಟಕಿ ಎಷ್ಟು ಅಂದ್ರಿ, ಒಂದು ಅಂದುಬಿಟ್ಟೆ. ನಿಮ್ಮ ಸೊಸೆ ಬರೆದಿದ್ದಾರಲ್ಲ, ಜೊತೆಗೆ ಒಬ್ಬರು ಅಂತ. ಅದು ನಾನು."

ಕತ್ತರಿ ಕೆಳಗಿಟ್ಟೆ. ಸುಳ್ಳು ಯಾಕೆ ಹೇಳಲಿ, ಮೊದಲು ಸಿಟ್ಟು ಬಂತು. ಮನೆಯ ಒಳಗಿನ ಮಾತನ್ನೆಲ್ಲ ಈ ಮನುಷ್ಯನ ಮುಂದೆ ಬಿಚ್ಚಿಟ್ಟಿದ್ದೆನಲ್ಲ.

"ನೀವು ಬಂದಿರೋದು ಅವಳಿಗೆ ಗೊತ್ತಾ?"

"ಇಲ್ಲ. ಗೊತ್ತಾದ್ರೆ ಚೆನ್ನಾಗಿ ಉಗೀತಾರೆ. ನಿಮ್ಮ ಉತ್ತರ ಬರೋವರೆಗೂ ಮದುವೆ ಮಾತೇ ಎತ್ತಬೇಡಿ ಅಂದಿದಾರೆ. ನೀವು ಬೇಡ ಅಂದ್ರೆ ಅಲ್ಲಿಗೆ ಮುಗೀತು ಅಂತಾನೂ ಅಂದಿದಾರೆ. ನಾನು ಒಪ್ಪಿಸೋಕೆ ಅಂತ ಬಂದಿಲ್ಲ. ಅವತ್ತು ನೀವು ಹೇಳಿದ್ದೆಲ್ಲ ಕದ್ದು ಕೇಳಿದ ಹಾಗಾಯ್ತು. ಅದನ್ನ ಹಾಗೇ ಇಟ್ಕೊಂಡಿರೋಕೆ ಆಗ್ಲಿಲ್ಲ."

ನಾನು ಬೇಡ ಎಂದರೆ ಮುಗಿಯಿತು ಎಂದೆಯಾ? ನನ್ನ ಬಂಗಾರ, ಇಂಥ ಭಾರವನ್ನು ನನ್ನ ತಲೆಯ ಮೇಲಿಡುವಾಗ ಒಂದು ಮಾತು ಹೇಳಬಾರದಿತ್ತೇ? ನಾನೇನಾದರೂ ಕಾಲುನೋವಿನ ನೆವ ಹೇಳಿ ಬರುವುದಿಲ್ಲ ಎಂದು ಬರೆದುಬಿಟ್ಟಿದ್ದರೆ?

ಅವನನ್ನು ಒಂದೇ ಒಂದು ಪ್ರಶ್ನೆ ಕೇಳಿದೆ. "ಅವಳ ಮನೇಲಿ ನನ್ನ ಮಗನ ಫೋಟೋ ಎಲ್ಲಿದೆ?"

"ಅಡುಗೆಮನೆ ಕಿಟಕಿ ಪಕ್ಕ," ಎಂದರು, ತಡಮಾಡದೆ. "ಬಿಸಿಲಿಗೆ ಬಣ್ಣ ಹೋಗ್ತಿದೆ, ಈಚೆಗಿಡಿ ಅಂದೆ. 'ಬೇಡ, ಅವರಿಗೆ ಬಿಸಿಲು ಅಂದ್ರೆ ಇಷ್ಟ' ಅಂದ್ರು. ಈಗ ಬಿಸಿಲು ಜೋರಿರೋವಾಗ ನಾನೇ ಸ್ವಲ್ಪ ತಿರುಗಿಸಿಡ್ತೀನಿ. ಸಂಜೆ ಮತ್ತೆ ಹಾಗೇ ಇಡ್ತೀನಿ."

ಎದ್ದು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ. ಅಲ್ಲಿ ಸ್ವಲ್ಪ ಹೊತ್ತು ಬೇಕಾಯಿತು ನನಗೆ. ನೀರು ಅರ್ಧಕ್ಕರ್ಧ ಇಂಗಿತ್ತು, ಮತ್ತೆ ಹಾಕಬೇಕಾಯಿತು.

ಆಮೇಲೆ ನಡೆದದ್ದನ್ನು ನೀನು ನೋಡಬೇಕಿತ್ತು. ನಿನ್ನ ಕಾಗದ ತೆಗೆದು ಕತ್ತರಿಸುವ ಮೇಜಿನ ಮೇಲೆ ಹರಡಿದೆ, ನಿನ್ನ ಪ್ರವಾಸದ ಪಟ್ಟಿಯನ್ನು ಇಬ್ಬರೂ ಸೇರಿ ಹಿಂದುಮುಂದು ಮಾಡಿದೆವು. "ಅಕ್ಟೋಬರ್ ಕೊನೆ ಅಂದ್ರೆ ತಡ ಆಗುತ್ತೆ," ಎಂದ. "ಒಂದು ದಿನ ಗಾಳಿ ಜೋರಾಗಿ ಬೀಸಿದ್ರೆ ಕೆರೆ ಪಕ್ಕದ ಮರಗಳೆಲ್ಲ ಬೋಳಾಗ್ತವೆ. ವಾರ ಮೊದಲೇ ಬನ್ನಿ. ಎಲೆ ಅರ್ಧ ಮರದ ಮೇಲೆ, ಅರ್ಧ ನೆಲದ ಮೇಲೆ ಇರುತ್ತೆ, ಅದೇ ಚೆಂದ." ನೋಡು, 'ಅವರು' ಎಂದು ಬರೆಯುತ್ತಿದ್ದವಳು ಇಲ್ಲಿ 'ಎಂದ' ಎಂದು ಬರೆದಿದ್ದೇನೆ. ಹೊಡೆದುಹಾಕುವುದಿಲ್ಲ, ಇರಲಿ.

ಗುಡ್ಡಕ್ಕೆ ನೀನು ಹೇಳಿದ ಮೆಟ್ಟಿಲ ದಾರಿ ಬೇಡವಂತೆ. ಹಿಂಬದಿಯಿಂದ ಬಸ್ಸು ಹೋಗುತ್ತದಂತೆ, ಅಲ್ಲಿಂದ ಸಮತಟ್ಟು ದಾರಿ, ಮರದ ನೆರಳು, ಕೆಳಗೆ ಇಡೀ ಊರಿನ ಹೆಂಚುಗಳು ಕಾಣುತ್ತವಂತೆ. ನೇಯ್ಗೆಯ ವಸ್ತುಸಂಗ್ರಹಾಲಯಕ್ಕೆ ನೀನು ಬರೀ ಒಂದು ಗಂಟೆ ಕೊಟ್ಟಿದ್ದೆ. "ಇವರನ್ನ ಅಲ್ಲಿಂದ ಹೊರಡಿಸೋಕೆ ಕಾವಲುಗಾರ ಬರಬೇಕಾಗುತ್ತೆ, ಅರ್ಧ ದಿನ ಇಡಬೇಕು" ಎಂದು ತನಗೆ ತಾನೇ ಹೇಳಿಕೊಂಡ. ಬೊಂಬೆಯಾಟ ಬೇಡ, ಅಷ್ಟು ಹೊತ್ತು ಕೂರಲಾರೆ ಎಂದೆ ನಾನು. ಹಿಂದಿನ ಸಾಲಿನಲ್ಲಿ ಕಾಲು ಚಾಚಿ ಕೂರಬಹುದು, ಬೊಂಬೆಗಳ ಉಡುಪನ್ನು ಆಟದವರೇ ಕೈಯಲ್ಲಿ ಹೊಲಿಯುತ್ತಾರೆ, ಆಟ ಮುಗಿದ ಮೇಲೆ ಮುಟ್ಟಿ ನೋಡಲು ಬಿಡುತ್ತಾರೆ ಎಂದು ಆಸೆ ಹತ್ತಿಸಿದ. ಅಲ್ಲಿ ನಾನು ಸೋತೆ. ಒಂದರಲ್ಲಿ ಮಾತ್ರ ನಾನು ಗೆದ್ದಿದ್ದೇನೆ. ಎರಡನೆಯ ದಿನ ಮಧ್ಯಾಹ್ನ ಕೆರೆಯ ದಂಡೆಯಲ್ಲಿ ನೀನು, ನಾನು ಇಬ್ಬರೇ. ಅವನು ಎಲ್ಲಿಯಾದರೂ ತನ್ನ ಮರಗಳನ್ನು ಮಾತಾಡಿಸಿಕೊಂಡು ಬರಲಿ. ಖುಷಿಯಾಗಿಯೇ ಒಪ್ಪಿದ.

ಹೊಲಿದ ಪರದೆ ಮೇಲ್ಮಹಡಿಯ ರೇಡಿಯೋ ಮನೆಯ ಬಚ್ಚಲ ಕಿಟಕಿಗೆ ಸರಿಹೋಯಿತು. ತೊಗಟೆ ಬಣ್ಣ ಅವಳಿಗೆ ಹಿಡಿಸಿಲ್ಲ. ಆದರೂ ತೆಗೆದಿಲ್ಲ.

ನಿನಗೆ ಹೇಳದೆ ಇಲ್ಲಿಗೆ ಬಂದ ಎಂದು ಅವನನ್ನು ಬಯ್ಯಬೇಡ. ಇದನ್ನು ನಿನಗೆ ತಿಳಿಸಲು ನಾನೇ ಅವನ ಅಪ್ಪಣೆ ಪಡೆದಿದ್ದೇನೆ. ಮೊಣಕಾಲಿಗೆ ನೀನು ಹೇಳಿಕೊಟ್ಟ ವ್ಯಾಯಾಮ ದಿನಾ ಮಾಡುತ್ತಿದ್ದೇನೆ, ಅವನೂ ಭುಜದ್ದನ್ನು ತಪ್ಪಿಸುವುದಿಲ್ಲವಂತೆ. ನಿನ್ನ ಕೈಗೆ ಸಿಕ್ಕ ನಮ್ಮಿಬ್ಬರದೂ ಒಂದೇ ಪಾಡು.

ಇದೆಲ್ಲದರ ನಡುವೆ ಹೇಳಬೇಕಾದ ಮಾತು ಒಂದೇ. ನನ್ನ ಮಗನನ್ನು ನೀನು ಪ್ರೀತಿಸಿದೆ, ಅವನಿಲ್ಲದ ಮನೆಯಲ್ಲಿ ನನ್ನನ್ನು ಉಳಿಸಿಕೊಂಡೆ. ಈಗ ನಿನಗೊಂದು ಸಂತೋಷ ಬಂದಿರುವಾಗಲೂ ಅದರೊಳಕ್ಕೆ ಕಾಲಿಡುವ ಮೊದಲು ತಿರುಗಿ ನನ್ನ ಮುಖ ನೋಡಿದೆ. ಹೊಟ್ಟೆಯಲ್ಲಿ ಹುಟ್ಟಿದವರೂ ಇಷ್ಟು ನೋಡುವುದಿಲ್ಲ. ನಾನು ಯಾವ ಪುಣ್ಯ ಮಾಡಿದ್ದೆನೋ. ಹೋಗು ಮಗಳೇ, ಧೈರ್ಯವಾಗಿ ಹೋಗು. ಆ ಹುಡುಗ ಒಳ್ಳೆಯವನು. ಇಲ್ಲದ ಕಿಟಕಿಗೆ ಪರದೆ ಹೊಲಿಸುವಷ್ಟು ಪೆದ್ದ, ಬಂದು ಒಪ್ಪಿಕೊಳ್ಳುವಷ್ಟು ನೇರ. ಸಂಸಾರಕ್ಕೆ ಅಷ್ಟು ಸಾಕು.

ಅವನು ಹೇಳಿದಂತೆ ಒಂದು ವಾರ ಮುಂಚಿನ ರೈಲಿಗೆ ಟಿಕೆಟ್ ಸಿಕ್ಕ ಮೇಲೆ ಫೋನ್ ಮಾಡುತ್ತೇನೆ. ಬೆಚ್ಚನೆಯ ಸ್ವೆಟರ್ ಇಟ್ಟುಕೊಳ್ಳುತ್ತೇನೆ, ನೀನು ಹೇಳುವುದಕ್ಕೆ ಮುಂಚೆಯೇ ಬರೆದಿದ್ದೇನೆ. ನಗುನಗುತ್ತ ಬಾಳು. ನಿನ್ನ ಮನೆಯಲ್ಲಿ ಎರಡು ತಟ್ಟೆಯ ಸದ್ದು ಕೇಳುವಂತಾಗಲಿ.

ಪ್ರೀತಿಯಿಂದ,
ನಿನ್ನ ಅತ್ತೆ

ಮರೆತ ಮಾತು: ಮರೆತಿರಲಿಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಹೊರಡುವಾಗ ಅವನು ತನ್ನ ತಾಯಿಯ ವಿಷಯ ಹೇಳಿದ. ನಿನ್ನನ್ನು ಕಂಡರೆ ಅವರಿಗೆ ಪ್ರಾಣವಂತೆ. ಕೇಳಿ ನಿಜವಾಗಿಯೂ ಸಂತೋಷವಾಯಿತು. ಅವನು ಹೋದ ಮೇಲೆ ಕತ್ತರಿ ಹಿಡಿದು ಯಾರದೋ ಪರದೆಯನ್ನು ಗೇಣುದ್ದ ಗಿಡ್ಡವಾಗಿ ಕತ್ತರಿಸಿಬಿಟ್ಟೆ. ಇನ್ನು ಮುಂದೆ ನಿನಗೆ ಅವರು ಅತ್ತೆ. ಅದು ಸರಿ, ಹಾಗೇ ಆಗಬೇಕು. ಅಮ್ಮಾ ಎನ್ನುವವನು ಹೋದ ಮೇಲೆ ಅತ್ತೆ ಎನ್ನುವ ಒಂದು ಕರೆ ಉಳಿದಿತ್ತು, ಈ ಮನೆಯಲ್ಲಿ ಅದಕ್ಕೆ ಓಗೊಡುತ್ತಲೇ ಇಷ್ಟು ದಿನ ಕಳೆದೆ. ಮದುವೆಯಾದ ಮೇಲೆ ನೀನು ನನ್ನನ್ನು ಏನೆಂದು ಕರೆಯುತ್ತೀ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ನೀನೂ ಯೋಚಿಸು, ಅವಸರವಿಲ್ಲ. ಆದರೆ ನಾನು ರೈಲಿನಿಂದ ಇಳಿದಾಗ, ನಿಲ್ದಾಣದ ಆ ಜನರ ನಡುವೆ, ಈ ಸಲ ಮಾತ್ರ ಅತ್ತೆ ಎಂದೇ ಕೂಗು. ಸ್ವಲ್ಪ ಜೋರಾಗಿ.