ಘಾಟಿಯಲ್ಲಿ ಕುಡಿದ ನೀರು

ನ್ಯಾಮತಿ,
೧೪-೧೧-೧೯೮೩

ಪೂಜ್ಯ ಮಾವ ತಿಪ್ಪೇಶಪ್ಪನವರಿಗೆ ಅಳಿಯನ ನಮಸ್ಕಾರಗಳು.

ನಿಮ್ಮ ಕಾಗದ ಶುಕ್ರವಾರ ಬಂತು. ಮೊಮ್ಮಗುವಿಗೆಂದು ಮಾಡಿಸಿದ್ದ ತೊಟ್ಟಿಲನ್ನು ಪಕ್ಕದ ಮನೆಯವರು ಕೇಳುತ್ತಿದ್ದಾರೆ, ಕೊಟ್ಟುಬಿಡಲೇ ಎಂದು ಬರೆದಿದ್ದಿರಿ. ನಿಮ್ಮ ಮಗಳು ಉಡಚಮ್ಮನಿಗೆ ಓದಿ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಾಗಿನಿಂದ ಅವಳ ಮಾತು ಅಷ್ಟರಲ್ಲೇ ಇದೆ.

ಹಾಗಾಗಿ ನಿಮ್ಮನ್ನು ಕೇಳದೆ, ಶನಿವಾರ ಗೆಳೆಯನ ರಾಜ್‌ದೂತ್‌ ಬೈಕಿನ ಮೇಲೆ ಅವಳನ್ನು ಹೊನ್ನಾವರಕ್ಕೆ ಕರೆದೊಯ್ದೆ. ಬೈಯಬೇಡಿ, ನಿಧಾನವಾಗಿಯೇ ಓಡಿಸಿದೆ. ಸಾಗರ ದಾಟಿದ ಮೇಲೆ ದಾರಿಯುದ್ದಕ್ಕೂ ಹಸಿರೋ ಹಸಿರು. ಸಮುದ್ರದ ಮುಂದೆ ಅವಳು ನೀರನ್ನೇ ನೋಡುತ್ತಾ ನಿಂತಿದ್ದಳು.

ನಿನ್ನೆ ವಾಪಸು ಬರುವಾಗ ಘಾಟಿಯಲ್ಲಿ ಬಾಯಾರಿ, ಮನೆಯಿಂದ ಒಯ್ದಿದ್ದ ನೀರಿನ ಕ್ಯಾನು ಎತ್ತಿ ಗಟಗಟ ಕುಡಿದೆ. ಬರೀ ಉಪ್ಪು! ಉಗಿದು ಅವಳ ಮುಖ ನೋಡಿದೆ.

“ಸಮುದ್ರದ್ದು ಕಣ್ರೀ. ಅಷ್ಟು ನೀರು ಕಂಡ ಮ್ಯಾಲೆ ಬರಿಗೈಲಿ ಹೆಂಗೆ ಬರ್ಲಿ? ನೀರೇ ಕಾಣದ ನಮ್ಮ ಜಗಳೂರಾಗೆ ಹಂಗೆ ಯಾರಾದ್ರೂ ಬರ್ತಾರೇನ್ರೀ?” ಎಂದವಳು ನಗತೊಡಗಿದಳು. ನಾಲ್ಕು ತಿಂಗಳ ಮೇಲೆ ಆ ನಗು ಕೇಳಿದೆ, ಮಾವ. ಗಾಡಿ ಸ್ಟ್ಯಾಂಡ್ ಹಾಕಿ ನಾನೂ ನಕ್ಕೆ.

ಕ್ಯಾನು ಖಾಲಿ ಮಾಡಲು ಬಿಡುತ್ತಿಲ್ಲ. ಅಪ್ಪ ಸಮುದ್ರ ನೋಡಿಲ್ಲ, ಒಯ್ದು ತೋರಿಸಬೇಕು ಎನ್ನುತ್ತಾಳೆ. ಮುಂದಿನ ಭಾನುವಾರ ಬರುತ್ತೇವೆ.

ತೊಟ್ಟಿಲ ವಿಷಯ ಹೇಗೆ ಬರೆಯಲೆಂದು ಪೆನ್ನು ಹಿಡಿದು ಕೂತಿದ್ದೆ. ಒಲೆ ಮುಂದಿನಿಂದ ಅವಳೇ ಹೇಳಿದಳು: “ಅದು ಅಟ್ಟದ ಮ್ಯಾಲೇ ಇರ್ಲಿ ಅಂತ ಬರೀರಿ. ಹುಳ ಹಿಡೀದಂಗೆ ಒಂಚೂರು ಎಣ್ಣೆ ಸವರಾಕೆ ಹೇಳ್ರಿ.”

ಇಂತಿ ನಿಮ್ಮ ಅಳಿಯ,
ನಾಗೇಂದ್ರಪ್ಪ